ಡಾಕ್ಟರ ಹತ್ತಿರ ಹೋಗೋಕೆ ‘ನಾನೇನು ಹೆಂಗಸಾ?’ ಅಂತಾನೆ ಅಣ್ಣ

ರಾತ್ರಿಪಾಳಿ: ಅಣ್ಣ ಸೇನೆ ಬಿಟ್ಟು ಆರು ವರ್ಷ ಆಯಿತು. ಇವತ್ತಿಗೂ ಬಾಗಿಲಿಗೆ ಬೆನ್ನು ಹಾಕಿ ಕೂರುವುದಿಲ್ಲ. ಯಾರಾದರೂ ಬಾಗಿಲು ಧಡಾರ್ ಅಂತ ಹಾಕಿದರೆ ಕೈ ನಡುಗುತ್ತದೆ, ತಕ್ಷಣ ಜೇಬಿಗೆ ತುರುಕಿಕೊಳ್ಳುತ್ತಾನೆ. ಡಾಕ್ಟರ ಮಾತೆತ್ತಿದರೆ ‘ನಾನೇನು ಹೆಂಗಸಾ?’ ಅಂತಾನೆ. ಈ ಗಂಡಸುತನ ಬಿಡಿಸೋದು ಹೇಗೆ?

ಹಳೇಬೂಟು: ನಾನೂ ಮಾಜಿ ಸೈನಿಕ. ಸುಮ್ನೆ ಅದನ್ನು ಬೈಬೇಡಿ. ಗುಂಡು ಹಾರುವಾಗ ಹೆದರಿಕೆ ನುಂಗಿಕೊಂಡಿದ್ದಕ್ಕೇ ನಾವು ವಾಪಸ್ ಬಂದಿದ್ದು.

ಕಡ್ಡಿಗೀರು: ನುಂಗಿದ್ದು ಅರಗಬೇಕಲ್ಲ ಸರ್? ನೆನಪನ್ನು ಒತ್ತಿಟ್ಟರೆ ಕಾಟ ಜಾಸ್ತಿಯಾಗುತ್ತದೆ ಅಂತ ರಿವರ್ಸ್ ಎಂಬ ಬ್ರಿಟಿಷ್ ಡಾಕ್ಟರ್ 1918ರಲ್ಲೇ ಬರೆದಿದ್ದರು. ಆದರೂ 1943ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಇಟಲಿಯ ಸಿಸಿಲಿ ದ್ವೀಪದ ಸೇನಾ ಆಸ್ಪತ್ರೆಗಳಲ್ಲಿ ಅಮೆರಿಕದ ಜನರಲ್ ಪ್ಯಾಟನ್ ಇಂಥ ಇಬ್ಬರು ಸೈನಿಕರನ್ನು ಹೇಡಿಗಳು ಅಂತ ಬೈದು ಕಪಾಳಕ್ಕೆ ಹೊಡೆದರು. ಒಬ್ಬನಿಗೆ ಮಲೇರಿಯಾ ಜ್ವರ ಬೇರೆ ಇತ್ತು! ಪಿಟಿಎಸ್‌ಡಿ (ಆಘಾತದ ನಂತರ ಹೀಗೆ ಕಾಡುವ ಮಾನಸಿಕ ತೊಂದರೆ) ಅನ್ನೋ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದಿದ್ದೇ 1980ರಲ್ಲಿ.

ಮಲ್ಲಿಗೆಬಳ್ಳಿ: ಹೆಂಗಸರು ಅಂದ್ರೆ ಅಷ್ಟು ಸದರಾನಾ? ಅವರು ನುಂಗಿಕೊಂಡಿದ್ದನ್ನು ಮನೆಯಲ್ಲಿ ಅನುಭವಿಸುವವರೂ ನಾವೇ.

ಹಳೇಬೂಟು: ಒಪ್ಪಿದೆ ತಾಯಿ. ನಾನೂ ಹಾಗೇ ಇದ್ದೆ. ಜೊತೆಗಿದ್ದ ಗೆಳೆಯನೊಬ್ಬ ಬಂದು ‘ಗಾಡಿ ಹತ್ತು’ ಅಂದ. ಅಷ್ಟೇ. ಚಿಕಿತ್ಸೆಯಲ್ಲಿ ಯಾರೂ ಅಳು ಅನ್ನಲಿಲ್ಲ. ಕಣ್ಣು ಮುಚ್ಚಿ ಆ ದಿನದ್ದನ್ನು ಮತ್ತೆ ಮತ್ತೆ ಹೇಳಬೇಕು, ಅದರ ರೆಕಾರ್ಡಿಂಗನ್ನು ಮನೆಯಲ್ಲಿ ದಿನಾ ಕೇಳಬೇಕು. ಮೊದಲ ವಾರ ಬಟನ್ ಒತ್ತೋಕೆ ಬೆರಳು ಏಳಲಿಲ್ಲ. ಅದಕ್ಕೆ ಬೇಕಾದ ಗುಂಡಿಗೆ ಕಡಿಮೆಯದಲ್ಲ.

ಕಡ್ಡಿಗೀರು: ನೋಡಿ, ಅದನ್ನೂ ಶೌರ್ಯ ಮಾಡಿಬಿಟ್ಟಿರಿ! ಹಾಗಾದರೆ ಎರಡನೇ ವಾರಕ್ಕೇ ಬಿಟ್ಟುಬಂದವನು ಹೇಡಿನಾ? ಎಷ್ಟೋ ಜನ ಅರ್ಧಕ್ಕೇ ಬಿಡುತ್ತಾರೆ. ಕೆಲವರನ್ನು ತಿನ್ನುವುದು ಹೆದರಿಕೆಯೇ ಅಲ್ಲ, ತಾವು ಮಾಡಿದ್ದರ ಅಥವಾ ತಡೆಯಲಾಗದೆ ಹೋದದ್ದರ ಪಾಪಪ್ರಜ್ಞೆ. ಅವರಿಗೆ ‘ಧೈರ್ಯ ತಗೋ’ ಅಂದರೆ ಏನು ಬಂತು?

ಹಳೇಬೂಟು: ...ಅದು ನಿಜ. ನನ್ನ ಗೆಳೆಯ ಎರಡು ಸಲ ಬಿಟ್ಟು ಮೂರನೇ ಸಲ ಹೋದವನು. ಅವನನ್ನು ಹೇಡಿ ಅಂದರೆ ನಾನು ಸುಮ್ಮನಿರಲ್ಲ.

ಮಲ್ಲಿಗೆಬಳ್ಳಿ: ರಾತ್ರಿಪಾಳಿ, ವಾದ ಬಿಡಿ. ನಿಮ್ಮಣ್ಣ ಯಾರ ಮಾತು ಕೇಳ್ತಾರೆ?

ರಾತ್ರಿಪಾಳಿ: ಜೊತೆಗಿದ್ದ ಒಬ್ಬರು ಪ್ರತಿ ಹೊಸವರ್ಷಕ್ಕೆ ಫೋನ್ ಮಾಡ್ತಾರೆ. ಅವತ್ತು ಮಾತ್ರ ನಗ್ತಾನೆ. ನಂಬರ್ ಅತ್ತಿಗೆ ಹತ್ತಿರ ಇದೆ, ಈಗಲೇ ಕೇಳ್ತೀನಿ.