ಅರ್ಧ ಗೋಡೆ ಟೆಕ್ಸ್ಚರ್, ಅರ್ಧ ನುಣುಪು: ಜೋಡಣೆ ಕಾಣದ ಹಾಗೆ ಮಾಡೋದು ಹೇಗೆ?

ಪ್ರಶ್ನೆ (ಹೊಸಗೋಡೆ):
ಅಡ್ಡಗೋಡೆ ಕೆಡವಿದ ಮೇಲೆ ಎರಡು ಕೋಣೆಯ ಗೋಡೆಗಳು ಸೇರಿ ಒಂದೇ ಉದ್ದ ಗೋಡೆಯಾಗಿದೆ. ಎಡಗಡೆ ಹಳೇ ಟೆಕ್ಸ್ಚರ್, ಕಿತ್ತಳೆ ಸಿಪ್ಪೆಯ ಥರ, ಉಬ್ಬು ಸುಮಾರು 2 ಮಿ.ಮೀ., ಮೇಲೆ ಪೇಂಟ್ ಆಗಿದೆ. ಬಲಗಡೆ ನುಣುಪು ಪುಟ್ಟಿ. ನಡುವೆ 12 ಸೆಂ.ಮೀ. ಅಗಲ ಹೊಸ ಸಿಮೆಂಟ್ ಗಾರೆ. ಟೆಕ್ಸ್ಚರ್ ಅಂಚಿನ ಮೇಲೆ ಒಂದು ಗೇಣು ಪುಟ್ಟಿ ಎಳೆದು ಉಜ್ಜಿದ್ದಾಯ್ತು. ಕೈ ಆಡಿಸಿದರೆ ಏನೂ ಸಿಗಲ್ಲ, ಕಿಟಕಿ ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಮೇಲಿಂದ ಕೆಳಗೆ ಒಂದು ದಿಬ್ಬ ಎದ್ದು ಕಾಣುತ್ತೆ. ಇನ್ನೂ ಉಜ್ಜಬೇಕಾ?

ಕರಣೆ:
ಉಜ್ಜಬೇಡಿ. ಪುಟ್ಟಿ ಮೆತ್ತಗೆ, ಪಕ್ಕದ ಹಳೇ ಪೇಂಟ್ ಗಟ್ಟಿ. ಉಜ್ಜಿದಷ್ಟೂ ಪುಟ್ಟಿಯೇ ಸವೆದು ದಿಬ್ಬದ ಪಕ್ಕ ಹಳ್ಳ ಆಗುತ್ತೆ. ನಿಮ್ಮ ತೊಂದರೆ ನುಣುಪಿನದ್ದಲ್ಲ, ಮಟ್ಟದ್ದು. 2 ಮಿ.ಮೀ. ಏರಿಳಿತವನ್ನು ಒಂದು ಗೇಣಲ್ಲಿ ಮುಗಿಸಿದ್ದೀರಿ. ಅದನ್ನ ಕನಿಷ್ಠ 40 ಸೆಂ.ಮೀ.ವರೆಗೆ ಹರಡಬೇಕು. 2 ಮೀಟರ್ ಅಲ್ಯೂಮಿನಿಯಂ ಪಟ್ಟಿಯನ್ನು ಗೋಡೆಗೆ ಅಡ್ಡ ಹಿಡಿದು ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ತೂರಿದ ಕಡೆ ತಗ್ಗು, ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಮೊದಲು ಉಬ್ಬಿನ ತುದಿಗಳನ್ನು ಸ್ಕ್ರೇಪರ್‌ನಲ್ಲಿ ಕೆರೆದು ತೆಗೆಯಿರಿ. ಮೇಲೆ ಪೇಂಟ್ ಇರೋದರಿಂದ ನೀರು ಹಾಕಿದರೂ ನೆನೆಯಲ್ಲ. ಆಮೇಲೆ 100 ನಂಬರ್ ಉಜ್ಜುಕಾಗದದಲ್ಲಿ ಹೊಳಪು ಮುರಿದು, ಧೂಳು ಒರೆಸಿ, ಬಾಂಡಿಂಗ್ ಪ್ರೈಮರ್ (ನುಣುಪು ಪೇಂಟಿಗೂ ಅಂಟೋ ಮೊದಲ ಲೇಪ) ಒಂದು ಕೋಟ್. ಪುಟ್ಟಿ ಎರಡು ಅಥವಾ ಮೂರು ಕೋಟ್, ಒಂದೊಂದು 1 ಮಿ.ಮೀ. ಮೀರಬಾರದು. ಮೊದಲನೆಯದು ತಗ್ಗು ತುಂಬೋಕೆ, ಉದ್ದುದ್ದ. ಎರಡನೆಯದು ಅಗಲ ಬ್ಲೇಡಿನಲ್ಲಿ ಅಡ್ಡಡ್ಡ. ಅಂಚಿನ ಕಡೆ ಒತ್ತಿ, ಒಳಗಡೆ ಹಗುರ ಹಿಡಿದರೆ ಪುಟ್ಟಿ ತಾನಾಗೇ ತೆಳುವಾಗುತ್ತೆ. ಕೊನೆಗೆ 180, ಆಮೇಲೆ 220, ಮರದ ತುಂಡಿಗೆ ಸುತ್ತಿ ಉಜ್ಜಿ. ಬರೀ ಬೆರಳಲ್ಲಿ ಉಜ್ಜಿದರೆ ಗೆರೆಗಳು ಬೀಳ್ತವೆ.

ಒಂದು ಎಚ್ಚರಿಕೆ: ಟೆಕ್ಸ್ಚರ್ ತುಂಬ ಹಳೆಯದಾದರೆ ಕಲ್ನಾರು (ಆಸ್ಬೆಸ್ಟಾಸ್), ಪೇಂಟ್ ಹಳೆಯದಾದರೆ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಒಣಗಿದ್ದನ್ನು ಕೆರೆಯಬೇಡಿ, ಉಜ್ಜಬೇಡಿ.

ನೀರ್ಗಾರೆ:
ಕರಣೆ ಅವರು ಒಂದು ಬಿಟ್ಟರು, ಆ 12 ಸೆಂ.ಮೀ. ಹೊಸ ಗಾರೆ. ಅದು ಒಣಗುತ್ತಾ ಕುಗ್ಗುತ್ತೆ, ಎರಡೂ ಅಂಚಲ್ಲಿ ಕೂದಲೆಳೆ ಬಿರುಕು ಬರೋದು ಮಾಮೂಲು. ಏಳು ದಿನ ನೀರು ಹಾಕಿ, ಆಮೇಲೆ ಒಣಗೋಕೆ ಬಿಡಿ. ನಾಲ್ಕು ವಾರ ಅಂದುಕೊಳ್ಳಿ. ಪುಟ್ಟಿಗೆ ಮುಂಚೆ ಎರಡೂ ಅಂಚಿನ ಮೇಲೆ ಫೈಬರ್ ಮೆಷ್ ಟೇಪ್ (ಬಲೆಯ ಥರದ ಪಟ್ಟಿ) ಹಾಕಿ, ಮೊದಲ ಕೋಟ್ ಒಳಗೇ ಹುದುಗಿಸಿ. ಟೇಪಿನ ದಪ್ಪವನ್ನೂ ಸೇರಿಸಿ ಪುಟ್ಟಿ ಎಷ್ಟು ಅಗಲ ಹರಡಬೇಕು ಅಂತ ಲೆಕ್ಕ ಹಾಕಬೇಕು.

ಇನ್ನೊಂದು ಮಾತು. ಗೋಡೆ ನಡುವೆ ಟೆಕ್ಸ್ಚರ್ ನಿಲ್ಲಿಸೋ ಹಟ ಯಾಕೆ? ಎಡಭಾಗ ಪೂರ್ತಿ ಪುಟ್ಟಿ ಎಳೆದು ಒಳಮೂಲೆವರೆಗೂ ಹೋದರೆ ಜೋಡಣೆ ಅಲ್ಲೇ ಮುಚ್ಚಿಹೋಗುತ್ತೆ. ಟೆಕ್ಸ್ಚರ್ ಉಳಿಸಲೇಬೇಕಾದರೆ ಬಲಭಾಗಕ್ಕೆ ಟೆಕ್ಸ್ಚರ್ ಹೊಡೆಯಿರಿ. ಅದು ಇನ್ನೂ ಕಷ್ಟ. ಹಲಗೆ ಮೇಲೆ ಎರಡು ಮೂರು ಹದ ಪ್ರಯತ್ನಿಸಿ, ಒಣಗಿದ ಮೇಲೇ ಹಳೇದರ ಪಕ್ಕ ಇಟ್ಟು ನೋಡಿ. ಹಸಿ ಟೆಕ್ಸ್ಚರ್ ಒಣಗುವಾಗ ಚಪ್ಪಟೆಯಾಗುತ್ತೆ.

ಹೊಸಗೋಡೆ:
ಥ್ಯಾಂಕ್ಸ್. ಆದರೆ ಈಗ ಹಾಕಿರೋದು ಬಿಳಿ ಸಿಮೆಂಟ್ ಪುಟ್ಟಿ, ಪೇಂಟ್ ಮೇಲೇ ಎಳೆದಿದ್ದು. ಅದರ ಮೇಲೇ ಮುಂದುವರಿಸಬಹುದಾ?

ಕರಣೆ:
ಅಯ್ಯೋ, ಅದು ನಿಲ್ಲೋದು ಅನುಮಾನ. ಸಿಮೆಂಟ್ ಪುಟ್ಟಿ ನೀರು ಹೀರೋ ಗಾರೆಯನ್ನ ಹಿಡಿಯುತ್ತೆ, ಪೇಂಟನ್ನ ಹಿಡಿಯಲ್ಲ. ಬ್ಲೇಡಿನಲ್ಲಿ ಚೌಕಾಕಾರಕ್ಕೆ ಕೊಯ್ದು ಅಂಟು ಟೇಪ್ ಒತ್ತಿ ಒಂದೇ ಏಟಿಗೆ ಕೀಳಿ. ಚಕ್ಕೆ ಎದ್ದರೆ ಪೂರ್ತಿ ಕೆರೆದು ಹಾಕಿ, ಪ್ರೈಮರ್‌ನಿಂದ ಮತ್ತೆ ಶುರು. ಪೇಂಟ್ ಮೇಲೆ ಅಕ್ರಿಲಿಕ್ ಪುಟ್ಟಿ ಬಳಸಿ, ಒಳಗೋಡೆಗೆ ಮಾತ್ರ.

ಓರೆಬೆಳಕು:
ಪೇಂಟಿನಲ್ಲೂ ಕೆಡಿಸಿಕೊಳ್ಳಬೇಡಿ. ಪುಟ್ಟಿ ಪೇಂಟನ್ನ ಹೀರುತ್ತೆ, ಹಳೇ ಪೇಂಟ್ ಹೀರಲ್ಲ, ಹಾಗಾಗಿ ತೇಪೆಗೆ ಮಾತ್ರ ಪ್ರೈಮರ್ ಹೊಡೆದರೆ ಒಂದು ಕಡೆ ಮಂಕು, ಒಂದು ಕಡೆ ಹೊಳಪು. ಪ್ರೈಮರ್ ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ. ಅದು ಒಣಗಿದ ಮೇಲೆ ಟಾರ್ಚ್ ಗೋಡೆಗೆ ತಾಗಿಸಿ ಹಿಡಿದು ನೋಡಿ, ಉಳಿದ ತಗ್ಗುಗಳೆಲ್ಲ ಆಗಲೇ ಕಾಣಿಸೋದು. ಅವಕ್ಕೆ ಪುಟ್ಟಿ ಸವರಿ, ಆ ಜಾಗಕ್ಕೆ ಮತ್ತೆ ಪ್ರೈಮರ್ ಮುಟ್ಟಿಸಬೇಕು. ಪೇಂಟ್ ಮ್ಯಾಟ್ (ಹೊಳಪಿಲ್ಲದ್ದು) ತಗೊಳ್ಳಿ, ಹೊಳಪಿನ ಪೇಂಟ್ ಹೊಡೆದರೆ ಅರ್ಧ ಮಿ.ಮೀ. ದಿಬ್ಬವೂ ಕಾಣುತ್ತೆ.