ದೋಸೆ ಹಿಟ್ಟಿನ ಪೊಟ್ಟಣಕ್ಕೆ ಒಂದು ಸಾಲು ಬೇಕು

ಡೊಂಬಿವಲಿ ಅಕ್ಕ:
ಡೊಂಬಿವಲಿ ಪೂರ್ವದಲ್ಲಿ ನಮ್ಮದೊಂದು ಚಿಕ್ಕ ಅಂಗಡಿ. ದೋಸೆ ಹಿಟ್ಟು, ಇಡ್ಲಿ ಹಿಟ್ಟು, ಚಟ್ನಿ ಪುಡಿ ಮಾರುತ್ತೇವೆ. ಗಿರಾಕಿಗಳಲ್ಲಿ ಹೆಚ್ಚಿನವರು ಉಡುಪಿ, ಮಂಗಳೂರು ಕಡೆಯವರು. ಹೊಸ ಪೊಟ್ಟಣ ಮುದ್ರಣಕ್ಕೆ ಕೊಡಬೇಕು. ‘ಶುಚಿ, ರುಚಿ, ಗುಣಮಟ್ಟಕ್ಕೆ ಮತ್ತೊಂದು ಹೆಸರು’ ಎಂದು ಬರೆದಿದ್ದೇನೆ. ಯಜಮಾನರಿಗೆ ಹಿಡಿಸಿದೆ, ನನಗೇಕೋ ಸಪ್ಪೆ ಅನ್ನಿಸುತ್ತಿದೆ. ಏನು ಕೊರತೆ?

ಅಂಧೇರಿ ಜಾಹೀರಾತಿನವ:
ಅಕ್ಕಾ, ಸಪ್ಪೆಯೇ. ಎದುರಿನ ಅಂಗಡಿಯವರು ಇದನ್ನೇ ಹಾಕಿಕೊಂಡರೂ ಯಾರಿಗೂ ಗೊತ್ತಾಗುವುದಿಲ್ಲ. ‘ರುಚಿ’ ಒಂದನ್ನು ತೆಗೆದರೆ ಚಪ್ಪಲಿ ಅಂಗಡಿಗೂ ನಡೆಯುತ್ತದೆ.

ಪ್ರಾಸ ಇರಲಿ, ಆದರೆ ಅದರೊಳಗೆ ಸರಕು ಇರಬೇಕು. 1966ರಲ್ಲಿ ಇದೇ ಮುಂಬಯಿಯಲ್ಲಿ ಜಾಹೀರಾತುಗಾರ ಸಿಲ್ವೆಸ್ಟರ್ ಡಕುನ್ಹಾ ಮತ್ತು ಸಂಗಡಿಗರು ಅಮುಲ್‌ಗೆ ಕೊಟ್ಟ ‘ಅಟರ್ಲಿ ಬಟರ್ಲಿ ಡೆಲಿಶಿಯಸ್’ ನೋಡಿ, ಬೆಣ್ಣೆಯನ್ನು ಬಿಟ್ಟು ಆ ಸಾಲನ್ನು ಹೇಳಲು ಸಾಧ್ಯವೇ ಇಲ್ಲ. ಅಷ್ಟು ದೂರ ಏಕೆ, ‘ಕೈ ಕೆಸರಾದರೆ ಬಾಯಿ ಮೊಸರು’ ಇಲ್ಲವೇ? ಕೆಸರು, ಮೊಸರು ಎರಡೂ ಮುಟ್ಟಿ ನೋಡುವಂಥವು. ‘ಪರಿಶ್ರಮಕ್ಕೆ ಪ್ರತಿಫಲ’ ಎಂದಿದ್ದರೆ ಯಾವ ಅಜ್ಜಿಯೂ ಅದನ್ನು ಮೊಮ್ಮಕ್ಕಳಿಗೆ ಹೇಳುತ್ತಿರಲಿಲ್ಲ. ಗುಣಮಟ್ಟವನ್ನು ಬದಿಗಿಡಿ, ಹಿಟ್ಟು ಹೇಗೆ ಮಾಡುತ್ತೀರಿ ಹೇಳಿ.

ಡೊಂಬಿವಲಿ ಅಕ್ಕ:
ರಾತ್ರಿ ಕಲ್ಲಿನ ಗ್ರೈಂಡರಿನಲ್ಲಿ ರುಬ್ಬಿ ಇಡುತ್ತೇವೆ. ಸೋಡಾ ಹಾಕುವುದಿಲ್ಲ. ಬೆಳಿಗ್ಗೆ ನೋಡಿದರೆ ಪಾತ್ರೆಯ ಮುಚ್ಚಳವನ್ನೇ ಎತ್ತಿಕೊಂಡು ಬಂದಿರುತ್ತದೆ. ‘ನಿನ್ನೆಯ ಹಿಟ್ಟು ಇಲ್ಲಿ ಸಿಗುವುದಿಲ್ಲ’ ಎಂದರೆ ಹೇಗೆ?

ಕೋಥ್ರೂಡ್ ವಾಸಿ:
ದೋಸೆ ಹಿಟ್ಟು ನಿನ್ನೆಯದೇ ಆಗಬೇಕಲ್ಲ! ಆಗಷ್ಟೇ ರುಬ್ಬಿ ಹುಯ್ಯುವುದು ನೀರುದೋಸೆ. ಮಂಗಳೂರಿನವರು ಮೊದಲು ಇದನ್ನೇ ಹಿಡಿದು ಆಡಿಸುತ್ತಾರೆ. ಇಲ್ಲಿ ಪುಣೆಯಲ್ಲಿ ಗಿರಾಕಿಗಳನ್ನು ಗದರಿಸುವ ಫಲಕಗಳೇ ಪ್ರಸಿದ್ಧ, ಜನ ಫೋಟೊ ತೆಗೆದು ಹಂಚುತ್ತಾರೆ. ನೀವೂ ಬರೆಯಿರಿ: ‘ಸೋಡಾ ಬೇಕಿದ್ದರೆ ಪಕ್ಕದ ಅಂಗಡಿ’.

ಅಂಧೇರಿ ಜಾಹೀರಾತಿನವ:
ಗದರಿಕೆ ಪುಣೆಯವರಿಗೇ ಚೆಂದ. ಅಕ್ಕ ತಾವಾಗಿಯೇ ಸಾಲು ಕೊಟ್ಟುಬಿಟ್ಟಿದ್ದಾರೆ: ‘ರಾತ್ರಿ ರುಬ್ಬಿದ್ದು, ಬೆಳಿಗ್ಗೆ ಉಬ್ಬಿದ್ದು’. ಸೋಡಾ ಇಲ್ಲವೆಂಬುದು ಕೆಳಗೆ ಸಣ್ಣ ಅಕ್ಷರದಲ್ಲಿರಲಿ.

ಅಂದ ಹಾಗೆ, ಅಂಗಡಿಯ ಫಲಕವನ್ನೂ ಬದಲಿಸುವುದಾದರೆ ಹೆಸರು ದೇವನಾಗರಿಯಲ್ಲಿ ಮರಾಠಿಯಲ್ಲಿರಲೇಬೇಕು, ಬೇರೆ ಲಿಪಿ ಅದಕ್ಕಿಂತ ದೊಡ್ಡದಾಗಬಾರದು. ಮಹಾರಾಷ್ಟ್ರದ ಅಂಗಡಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಚಿಕ್ಕ ಅಂಗಡಿಗಳಿಗೂ ವಿನಾಯಿತಿ ಇಲ್ಲ.

ಡೊಂಬಿವಲಿ ಅಕ್ಕ:
ಸಾಲು ಬಾಯಿಗೆ ಕೂತುಬಿಟ್ಟಿತು! ಯಜಮಾನರದು ಮಾತ್ರ ಒಂದು ತಕರಾರು. ಪೊಟ್ಟಣದ ಮೇಲೆ ‘ಉಬ್ಬಿದ್ದು’ ಎಂದು ಓದಿದರೆ ಹಿಟ್ಟು ಕೆಟ್ಟು ಪೊಟ್ಟಣವೇ ಉಬ್ಬಿದೆ ಎಂದುಕೊಳ್ಳುವುದಿಲ್ಲವೇ?

ಅಂಧೇರಿ ಜಾಹೀರಾತಿನವ:
ಯಜಮಾನರು ನಮ್ಮ ಕಚೇರಿಗೆ ಬರಬೇಕಿತ್ತು. ಸಾಲಿನ ಕೆಳಗೇ ರುಬ್ಬಿದ ತಾರೀಖನ್ನು ದಪ್ಪ ಅಕ್ಷರದಲ್ಲಿ ಒತ್ತಿಸಿ, ಆ ಅನುಮಾನ ಏಳುವುದಿಲ್ಲ.