ಲಂಡನ್‌ಗೆ ಹೋದ ಚಿಕ್ಕಜ್ಜನ ಪೌರತ್ವ ದಾಖಲೆ ಸಿಕ್ಕುತ್ತಿಲ್ಲ, ಸರ್‌ನೇಮ್ ಗೊಂದಲ

ಕಾಪುವಿನವ: ನನ್ನ ಅಜ್ಜನ ತಮ್ಮ 1955ರಲ್ಲಿ ಬೊಂಬಾಯಿಯಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋದವರು. ಅಲ್ಲಿಯ ಪೌರರಾದರು ಎಂದು ಮನೆಯಲ್ಲಿ ಹೇಳುತ್ತಾರೆ. ನಮ್ಮ ಸರ್‌ನೇಮ್ ಸಾಲಿಯಾನ್. ಲಂಡನ್ ಗೆಜೆಟ್‌ನ (ಅಲ್ಲಿಯ ಸರ್ಕಾರಿ ಪತ್ರಿಕೆ) ನ್ಯಾಚುರಲೈಸೇಷನ್ ಪಟ್ಟಿಗಳನ್ನು, ಅಂದರೆ ಪೌರತ್ವ ಪಡೆದ ವಿದೇಶಿಯರ ಪಟ್ಟಿಗಳನ್ನು, ಆನ್‌ಲೈನಿನಲ್ಲಿ ಜಾಲಾಡಿದೆ, ಹೆಸರೇ ಇಲ್ಲ. ಇನ್ನೆಲ್ಲಿ ನೋಡಬೇಕು?

ಹಂಪನಕಟ್ಟೆ: ಗೆಜೆಟ್ ಬಿಡಿ ಮಾರಾಯ್ರೇ. ಆ ಪಟ್ಟಿ ಪರದೇಶಿಗಳದ್ದು, ಅಂದರೆ ಕಾಮನ್‌ವೆಲ್ತ್ ಹೊರಗಿನವರದ್ದು. 1948ರ ಬ್ರಿಟಿಷ್ ನ್ಯಾಷನಾಲಿಟಿ ಆ್ಯಕ್ಟ್ 1949ರ ಜನವರಿ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಭಾರತದವರು ಕಾಮನ್‌ವೆಲ್ತ್ ಪ್ರಜೆಗಳು. ಒಂದು ವರ್ಷ ಅಲ್ಲಿ ವಾಸವಿದ್ದರೆ ಪೌರರಾಗಿ ರಿಜಿಸ್ಟ್ರೇಷನ್ ಮಾಡಿಸಿಕೊಳ್ಳಬಹುದಿತ್ತು (1962ರ ಕಾಯ್ದೆ ಅದನ್ನು ಐದು ವರ್ಷಕ್ಕೆ ಏರಿಸಿತು). ರಿಜಿಸ್ಟ್ರೇಷನ್ ಆದವರ ಹೆಸರನ್ನು ಗೆಜೆಟ್‌ನಲ್ಲಿ ಹಾಕುತ್ತಿರಲಿಲ್ಲ. ಸರ್ಟಿಫಿಕೇಟಿನ ಪ್ರತಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ (ಸರ್ಕಾರಿ ದಾಖಲೆಗಳ ಭಂಡಾರ), ಎಚ್‌ಒ 334 ಸರಣಿಯಲ್ಲಿ ಉಂಟು. ನಂಬರಿನ ಮುಂದೆ 'ಆರ್' ಅಕ್ಷರ ಇರುತ್ತದೆ. ಅವರ ಹಳೆಯ ಬ್ರಿಟಿಷ್ ಪಾಸ್‌ಪೋರ್ಟ್ ಮನೆಯಲ್ಲಿದ್ದರೆ ಮೊದಲು ಅದನ್ನು ತೆಗೆದು ನೋಡಿ, ನಂಬರ್ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು.

ಆದರೆ ನನಗೆ ಅನುಮಾನ ಇರುವುದು ಸರ್‌ನೇಮ್ ಮೇಲೆ. ಸಾಲಿಯಾನ್ ನಿಮ್ಮ ತಂದೆಗೆ ಬಂದದ್ದು ಎಲ್ಲಿಂದ?

ಕಾಪುವಿನವ: ಅಪ್ಪ ಮುಂಬೈಗೆ ಹೋದ ಮೇಲೆ ಬರಿಯನ್ನೇ (ತುಳುವರ ಕುಲದ ಹೆಸರು) ಸರ್‌ನೇಮ್ ಮಾಡಿಕೊಂಡದ್ದು. ಅಜ್ಜಿಯ ಬರಿ ಅದು.

ಹಂಪನಕಟ್ಟೆ: ಹಾಗಾದರೆ ಚಿಕ್ಕಜ್ಜ ಸಾಲಿಯಾನ್ ಆಗಲು ಸಾಧ್ಯವೇ ಇಲ್ಲ. ಅಳಿಯಸಂತಾನದಲ್ಲಿ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ನಮ್ಮ ಪದ್ಧತಿಯಲ್ಲಿ, ಬರಿ ತಾಯಿಯಿಂದ ಬರುವುದು, ಒಂದೇ ಬರಿಯೊಳಗೆ ಮದುವೆ ಇಲ್ಲ. ಅಜ್ಜಿ ಸಾಲಿಯಾನ್ ಆದರೆ ಅಜ್ಜನೂ ಅವರ ತಮ್ಮನೂ ಬೇರೆ ಬರಿ. ಈಗಿನ ಮಕ್ಕಳು ಅಪ್ಪನ ಸರ್‌ನೇಮ್ ಹಾಕಿಕೊಳ್ಳುವುದರಿಂದ ನಾವು ಇದನ್ನು ಮರೆಯುತ್ತೇವೆ, ಮುಂಬೈ ಕಡೆಯ ಎಷ್ಟೋ ವಂಶವೃಕ್ಷಗಳು ಎಡವುವುದು ಇಲ್ಲಿಯೇ. ಅಜ್ಜನ ಕುಟುಂಬದ ಮನೆಯಲ್ಲಿ ಕೇಳಿ.

ತೆಂಕುಪೇಟೆ: ಇನ್ನೊಂದು. ಅವರು ಕಲಿತ ಶಾಲೆಯ ಅಡ್ಮಿಷನ್ ರಿಜಿಸ್ಟರ್ ನೋಡಿ. ಮಾಸ್ಟ್ರು ಅಲ್ಲಿ ಬರೆದ ಹೆಸರೇ ಪಾಸ್‌ಪೋರ್ಟಿನವರೆಗೂ ಹೋಗಿರುತ್ತದೆ. ಊರಿನ ಹೆಸರೂ ಈಗಿನಂತೆ ಇರುವುದಿಲ್ಲ, 'ಉಡಿಪಿ, ಸೌತ್ ಕೆನರಾ, ಮದ್ರಾಸ್' ಎಂದು ಹುಡುಕಿ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದವರು. ಹೊರಡುವ ಮೊದಲು ಇಲ್ಲೇ ಹೆಸರು ಬದಲಿಸಿದ್ದರೆ ಆ ಪ್ರಕಟಣೆ ಹುಡುಕಬೇಕಾದ್ದೂ ಮದ್ರಾಸಿನ ಗೆಜೆಟ್‌ನಲ್ಲಿ, ಮೈಸೂರಿನದ್ದರಲ್ಲಿ ಅಲ್ಲ.

ಕಾಪುವಿನವ: ಅತ್ತೆಗೆ ಫೋನ್ ಮಾಡಿದೆ. ಅಜ್ಜನ ಬರಿ ಸುವರ್ಣ ಅಂತೆ. ಚಿಕ್ಕಜ್ಜನ ಹೆಸರು ಶಾಲೆಯಲ್ಲಿ ಪೂಜಾರಿ ಅಂತ ಮಾತ್ರ. ಲಂಡನ್‌ನಲ್ಲಿ ಸುವರ್ಣ ಅಂತ ಬದಲಿಸಿದ್ದರೆ ಡೀಡ್ ಪೋಲ್ (ಹೆಸರು ಬದಲಾವಣೆಯ ಪತ್ರ) ಇರಬೇಕಲ್ಲ?

ಹಂಪನಕಟ್ಟೆ: ಇರಲೇಬೇಕೆಂದಿಲ್ಲ. ಅಲ್ಲಿ ಹೊಸ ಹೆಸರನ್ನು ಸುಮ್ಮನೆ ಬಳಸತೊಡಗಿದರೂ ಕಾನೂನಿಗೆ ಸಾಕು. ಡೀಡ್ ಪೋಲ್ ಮಾಡಿಸಿದವರಲ್ಲೂ ಕೋರ್ಟಿನಲ್ಲಿ ದಾಖಲಿಸಿದವರು ಕಡಿಮೆ. ದಾಖಲಾದವು ಅದೇ ನ್ಯಾಷನಲ್ ಆರ್ಕೈವ್ಸ್‌ನ ಜೆ 18 ಸರಣಿಯಲ್ಲಿ ಇವೆ, ಅವುಗಳ ಪ್ರಕಟಣೆ ಲಂಡನ್ ಗೆಜೆಟ್‌ನಲ್ಲೂ ಬರುತ್ತಿತ್ತು. ಹಾಗಾಗಿ ನೀವು ಬಿಟ್ಟ ಗೆಜೆಟನ್ನು ಇದಕ್ಕಾಗಿ ಮತ್ತೆ ತೆರೆಯಿರಿ. ಪೂಜಾರಿ, ಸುವರ್ಣ ಎರಡನ್ನೂ ಹಾಕಿ, ಇಂಗ್ಲಿಷ್ ಸ್ಪೆಲ್ಲಿಂಗ್ ತಿರುಗಿಸಿ ಮುರುಗಿಸಿ ನೋಡಿ. ಪೂಜಾರಿಯ ಕೊನೆಗೆ 'ವೈ' ಇರಬಹುದು, 'ಐ' ಇರಬಹುದು.